ಬೀಗದ ಕಿಂಡಿಯ ಬಸುರಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಜೇನು ಎಂದರೆ ಗೂಡು, ಗೂಡಿಗೊಬ್ಬಳು ರಾಣಿ, ಮಿಕ್ಕವರೆಲ್ಲ ಆಳುಗಳು ಎಂದು ಸೀಮೆಸುಣ್ಣ ಸವೆಯುವವರೆಗೆ ಬರೆದು, ಜೇನಿನ ಹಾಗೆ ಒಗ್ಗಟ್ಟಾಗಿರಬೇಕು ಎಂದು ನೀತಿಯನ್ನೂ ಒಗ್ಗರಣೆ ಹಾಕುತ್ತಿದ್ದೆ. ನಿವೃತ್ತಿಯಾಗಿ ಓದಲು ಬೇಕಾದಷ್ಟು ಹೊತ್ತು ಸಿಕ್ಕಿದ ಮೇಲೆ ಗೊತ್ತಾಯಿತು, ಜೇನಿನ ಜಾತಿಗಳಲ್ಲಿ ಹೆಚ್ಚಿನವು ಒಂಟಿ. ಅವಕ್ಕೆ ರಾಣಿಯಿಲ್ಲ, ಆಳಿಲ್ಲ, ನಾವು ಕದಿಯಲು ತುಪ್ಪವೂ ಇಲ್ಲ. ಒಬ್ಬೊಬ್ಬಳೂ ತನ್ನ ಪಾಡಿಗೆ ತಾನು ಒಂದು ತೂತು ಹುಡುಕಿಕೊಂಡು ಸಂಸಾರ ಹೂಡುತ್ತಾಳೆ. ಪಾಠ ಕೇಳಿದ ಮಕ್ಕಳೆಲ್ಲ ಈಗ ಮೀಸೆ ನರೆತ ಗಂಡಸರು. ಹಿಡಿದು ನಿಲ್ಲಿಸಿ ತಿದ್ದಲು ಆಗುತ್ತದೆಯೇ?

ಅದೂ ನಮ್ಮ ಸುತ್ತಮುತ್ತಲೇ ಎಷ್ಟು ಬಗೆ ಅಂತೀರಿ! ನನ್ನ ಗುಲಾಬಿಯ ಎಲೆಗಳನ್ನು ಬಳೆ ಇಟ್ಟು ಕತ್ತರಿಸಿದಂತೆ ದುಂಡಗೆ ಕತ್ತರಿಸುತ್ತಿದ್ದುದು ಕಂಬಳಿಹುಳ ಎಂದು ತಿಳಿದು ವರ್ಷಗಟ್ಟಲೆ ಬೇವಿನೆಣ್ಣೆ ಹೊಡೆದಿದ್ದೇನೆ. ಅದು ಎಲೆಕತ್ತರಿ ಜೇನು. ಎಲೆ ತಿನ್ನುವುದಿಲ್ಲ, ಮಕ್ಕಳಿಗೆ ತೊಟ್ಟಿಲು ಮಾಡಲು ಒಯ್ಯುತ್ತದೆ. ಬಿದಿರು ತಟ್ಟಿಯ ಬೇಲಿ ಕೊರೆಯುವ ಕರೀ ದುಂಬಿಯೂ ಒಂಟಿ ಜೇನೇ. ಕ್ಯಾಸಂಬಳ್ಳಿಯಲ್ಲಿ ನಮ್ಮಣ್ಣನ ಟೊಮೇಟೊ ತೋಟಕ್ಕೆ ಬರುವುದು ನೀಲಿ ಪಟ್ಟೆಯದು. ಹೂವನ್ನು ತಬ್ಬಿ, ಗುಂಯ್ ಎಂದು ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಅದರ ಗಂಡುಗಳು ಸಂಜೆಯಾದರೆ ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ನೇತಾಡುತ್ತಾ ನಿದ್ದೆ ಹೋಗುತ್ತವೆ, ಬೆಂಗಳೂರು ರೈಲಿನಲ್ಲಿ ಕಂಬಿ ಹಿಡಿದು ನಿಂತೇ ತೂಕಡಿಸುವ ನಮ್ಮೂರಿನವರ ಹಾಗೆ. ಇನ್ನೊಂದು ಜಾತಿ ನೆಲ ಕೊರೆದು, ಬಾವಿ ಇಳಿಸಿ, ಪಕ್ಕಕ್ಕೆ ಸುರಂಗ ಎಳೆದು, ಮೇಲೆ ಮಣ್ಣಿನ ಗುಡ್ಡೆ ಹಾಕುತ್ತದೆ. ಗಣಿಯೊಳಗೆ ಇಳಿದು ದುಡಿದ ನಮ್ಮ ಯಜಮಾನರು ಆ ಚಿತ್ರ ನೋಡಿ, ಇದು ನಮ್ಮ ಶಾಫ್ಟೇ ಅಲ್ಲವೇನೇ ಎಂದರು. ಚಿನ್ನ ಮಾತ್ರ ಇಲ್ಲ ಎಂದೆ. ನಮಗೆ ಮಾತ್ರ ಎಲ್ಲಿತ್ತು ಎಂದು ನಕ್ಕರು.

ನಾನು ಹೇಳಹೊರಟಿದ್ದು ಬೇರೆ. ನಂದಿದುರ್ಗ ಚಿನ್ನದ ಗಣಿಯ ಲೈನಿನಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ನಮ್ಮದೂ ಗೆಳತಿ ಅಂಜಲೈಯದೂ ಒಂದೇ ಗೋಡೆಯ ಮನೆಗಳು, ಒಂದೇ ಜಗಲಿ. ಬೆಂಕಿಪೊಟ್ಟಣ ಬೇಕಾದರೆ ಗೋಡೆಗೆ ಒಂದು ಗುದ್ದು, ಸಾರಿನ ಬಟ್ಟಲು ದಾಟಿಸಬೇಕಾದರೆ ಎರಡು ಗುದ್ದು. ಅವಳು ತಮಿಳು ಬೆರೆಸಿದ ಕನ್ನಡ ಆಡುವಳು, ನಾನು ಕನ್ನಡ ಬೆರೆಸಿದ ತಮಿಳು. ಜಗಳವನ್ನು ಮಾತ್ರ ತೆಲುಗಿನಲ್ಲಿ ಆಡುತ್ತಿದ್ದೆವು, ಇಬ್ಬರಿಗೂ ಸರಿಯಾಗಿ ಬಾರದ್ದರಿಂದ ಬೇಗ ಮುಗಿಯುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸೈರನ್ ಕೂಗಿದರೆ ಇಬ್ಬರೂ ಜಗಲಿಗೆ ಬಂದು ಕೈ ಹಿಡಿದು ಕೂರುತ್ತಿದ್ದೆವು, ಗಂಡಂದಿರು ಬೀದಿಯ ತಿರುವಿನಲ್ಲಿ ಕಾಣುವವರೆಗೆ. ಅಂಥ ಕೈಯನ್ನು ಮರೆಯಲು ಆಗುವುದಿಲ್ಲ. ಗಣಿ ಮುಚ್ಚಿದ ಮೇಲೂ ಬಹುಕಾಲ ಇದ್ದವಳು, ಗಂಡ ತೀರಿಕೊಂಡ ಮೇಲೆ ಹೊಸೂರಿನಲ್ಲಿರುವ ಮಗಳು ಚಿತ್ರಾಳ ಮನೆಗೆ ಹೋದಳು.

ಮನೆ ಬಿಟ್ಟು ಹೋಗುವವರು ಪಕ್ಕದ ಮನೆಗೆ ಬೀಗದ ಕೈ ಕೊಡುವುದು ನಮ್ಮ ಲೈನಿನ ಪದ್ಧತಿ. ಕೈ ಇಸಕೊಂಡವರು ಶುಕ್ರವಾರ ಬಾಗಿಲು ತೆಗೆದು, ಗುಡಿಸಿ, ದೀಪ ಹಚ್ಚಬೇಕು. ದೀಪ ಕಾಣದ ಮನೆ ಮುನಿಸಿಕೊಳ್ಳುತ್ತದಂತೆ. ನಾನು ತಪ್ಪಿಸಿದವಳಲ್ಲ. ಈ ವರ್ಷ ತಂಗಿಯ ಮಗಳ ಬಾಣಂತನಕ್ಕೆಂದು ಬಂಗಾರಪೇಟೆಗೆ ಹೋಗಿ ಕೆಲವು ವಾರ ಉಳಿದುಬಿಟ್ಟೆ. ಬಂದು ನೋಡಿದರೆ ಅಂಜಲೈಯ ಬೀಗದ ಕಿಂಡಿ ಮುಚ್ಚಿಹೋಗಿದೆ. ಕಿರುಬೆರಳು ಹೋಗುವಂಥ ಹಳೇ ಕಾಲದ ಕಿಂಡಿ, ಅದಕ್ಕೆ ನುಣ್ಣಗೆ ಸಾರಿಸಿದ ಮಣ್ಣಿನ ಬಿರಡೆ. ಕಡಜ ಇರಬೇಕೆಂದುಕೊಂಡೆ. ಆಮೇಲೆ ಎದುರುಮನೆಯವಳು, ಬೂದುಬಣ್ಣದ ಹುಳವೊಂದು ಹೊಟ್ಟೆಯ ಅಡಿಗೆಲ್ಲ ಹಳದಿ ಪುಡಿ ಮೆತ್ತಿಕೊಂಡು ಬಂದು ಬಂದು ಹೋಗುತ್ತಿತ್ತು ಎಂದಳು. ಹಾಗಾದರೆ ಕಡಜವಲ್ಲ. ಒಂಟಿ ಜೇನು.

ಅದರ ಬದುಕು ಹೀಗೆ. ತೂತಿನ ತುದಿಯಲ್ಲಿ ಪರಾಗ, ಮಕರಂದ ಕಲಸಿ ಒಂದು ಉಂಡೆ ಕಟ್ಟುತ್ತದೆ. ಉಂಡೆಯ ಮೇಲೊಂದು ಮೊಟ್ಟೆ, ಅದರಾಚೆ ಮಣ್ಣಿನ ಗೋಡೆ. ಮತ್ತೆ ಉಂಡೆ, ಮೊಟ್ಟೆ, ಗೋಡೆ. ನಮ್ಮ ಲೈನಿನ ಮನೆಗಳ ಹಾಗೆ ಸಾಲಾಗಿ. ಒಳಮನೆಗಳಲ್ಲಿ ಹೆಣ್ಣುಮಕ್ಕಳು, ಬಾಗಿಲ ಹತ್ತಿರ ಗಂಡುಮಕ್ಕಳು. ಕೊನೆಗೆ ಬಾಗಿಲು ಮೆತ್ತಿ ತಾಯಿ ಹೊರಟುಹೋಗುತ್ತಾಳೆ, ಸ್ವಲ್ಪ ದಿನಕ್ಕೆ ಸತ್ತೂ ಹೋಗುತ್ತಾಳೆ. ಅವಳು ಮಕ್ಕಳ ಮುಖ ಕಾಣಳು. ಮಕ್ಕಳಿಗೆ ಅವಳು ಗೊತ್ತಿಲ್ಲ, ಅವಳು ಕಟ್ಟಿಟ್ಟ ಬುತ್ತಿ ಮಾತ್ರ ಗೊತ್ತು. ಬಾಣಂತನ ಮಾಡಿ ಬಂದ ಕೈಗೆ ಅದನ್ನು ಒಡೆಯಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಅಂಜಲೈಯ ಫೋನು ಬಂತು. ಮನೆಯನ್ನು ಮೈದುನನಿಗೆ ಬಿಟ್ಟುಕೊಡುವುದಾಗಿ ಮಾತಾಗಿದೆ, ಭಾನುವಾರ ಬಂದು ಸಾಮಾನು ತೆಗೆದು ಬೀಗದ ಕೈ ಅವನಿಗೆ ಕೊಡುತ್ತೇನೆ ಎಂದಳು. ಸರಿ ಎಂದೆ. ಬೀಗದ ಕೈ ನನ್ನ ಹತ್ತಿರ ಇರುವಷ್ಟು ದಿನ ಅವಳು ಊರಿಗೆ ಹೋದವಳು. ಕೊಟ್ಟ ಮರುದಿನದಿಂದ ಊರು ಬಿಟ್ಟವಳು. ನಮ್ಮ ಯಜಮಾನರು, ಮೊಳೆ ಹಾಕಿ ತಿರುವಿದರೆ ಮಣ್ಣು ಉದುರುತ್ತೆ, ಅದಕ್ಯಾಕೆ ಮುಖ ಊದಿಸಿಕೊಂಡಿದ್ದೀಯ ಎಂದರು. ಮಣ್ಣಿಗಾಗಿ ಊದಿಸಿಕೊಂಡಿದ್ದಲ್ಲ ಎಂದು ಅವರಿಗೂ ಗೊತ್ತಿತ್ತು.

ಭಾನುವಾರ ಬಂದಳು. ಸೊರಗಿದ್ದಳು, ನಗು ಮಾತ್ರ ಅದೇ. ಕಾಫಿ ಕುಡಿದು ಎದ್ದಾಗ ನಾನು ಸೆರಗಿನ ಗಂಟಿನಿಂದ ಬೀಗದ ಕೈ ತೆಗೆದೆ, ಇನ್ನೊಂದು ಕೈಯಲ್ಲಿ ಮೊಳೆ ಹಿಡಿದುಕೊಂಡೆ, ಕಿಂಡಿ ತೋರಿಸಿದೆ. ಅವಳು ಬಗ್ಗಿ ನೋಡಿ ನನ್ನ ಕೈ ಹಿಡಿದುಬಿಟ್ಟಳು. ಸೈರನ್ ಕೂಗಿದಾಗ ಹಿಡಿಯುತ್ತಿದ್ದಳಲ್ಲ, ಹಾಗೆಯೇ.

"ಬ್ಯಾಡಕ್ಕಾ. ಕುಳವಿ ಗೂಡು ಕಟ್ಟೈತೆ. ಕುಳವಿ ಕಟ್ಟಿದ್ರೆ ಮನೇಲಿ ಮಗು ಆಗ್ತೈತೆ ಅಂತಾರೆ. ನಮ್ ಚಿತ್ರಾಗೆ ಇನ್ನೂ ಒಂದೂ ಆಗಿಲ್ಲ, ನಿಂಗೊತ್ತಲ್ಲ."

ಕುಳವಿ ಎಂದರೆ ತಮಿಳಿನಲ್ಲಿ ಕಡಜ. ಇದು ಕಡಜವಲ್ಲ, ಜೇನು, ನಿನ್ನ ಶಾಸ್ತ್ರ ಇದಕ್ಕೆ ಹೊಂದುವುದಿಲ್ಲ ಎನ್ನಲು ನನ್ನೊಳಗಿನ ಟೀಚರಮ್ಮ ಎದ್ದು ನಿಂತಳು. ಗದರಿಸಿ ಕೂರಿಸಿದೆ. ಇಷ್ಟು ವರ್ಷ ತಪ್ಪು ಪಾಠ ಹೇಳಿದವಳು, ಒಂದು ದಿನ ಸುಮ್ಮನಿದ್ದರೆ ವಿಜ್ಞಾನವೇನೂ ಮುಳುಗುವುದಿಲ್ಲ. ಅವಳು ಮೈದುನನಿಗೆ ಫೋನು ಮಾಡಿ, ಸ್ವಲ್ಪ ತಡವಾಗುತ್ತೆ ಎಂದು ತಮಿಳಿನಲ್ಲಿ ಖಡಾಖಂಡಿತವಾಗಿ ಹೇಳಿದಳು. ಬೀಗದ ಕೈಯನ್ನು ಮತ್ತೆ ನನ್ನ ಸೆರಗಿಗೆ ತಾನೇ ಗಂಟು ಹಾಕಿದಳು. ಮರಿ ಎದ್ ಹೋದ್ಮೇಲೆ ಬತ್ತೀನಿ ಎಂದು ಸಂಜೆ ಬಸ್ಸು ಹತ್ತಿದಳು.

ಅಂದಿನಿಂದ ಬೆಳಗಾಗೆದ್ದು ನಾನು ಮೊದಲು ನೋಡುವುದು ಆ ಕಿಂಡಿಯನ್ನು. ಮರಿಗಳು ಎದ್ದರೆ ಅವಳು ಬರುತ್ತಾಳೆ. ಬಂದರೆ ಬೀಗದ ಕೈ ಒಯ್ಯುತ್ತಾಳೆ. ಬೇಗ ಏಳಿ ಅನ್ನಲೋ, ಇನ್ನೊಂಚೂರು ಮಲಗಿ ಕಂದಾ ಅನ್ನಲೋ ತಿಳಿಯದೆ ಹಲ್ಲುಜ್ಜುತ್ತಾ ನಿಲ್ಲುತ್ತೇನೆ.

ಇವತ್ತು ಮಣ್ಣಿನಲ್ಲಿ ಒಂದು ಸಣ್ಣ ತೂತು ಕಂಡಿತು. ಮಧ್ಯಾಹ್ನದವರೆಗೆ ತಡೆದುಕೊಂಡೆ, ಆಮೇಲೆ ಫೋನು ಮಾಡಿದೆ. ಬಾಗಿಲ ಹತ್ತಿರದ ಗಂಡುಮಕ್ಕಳು ಎದ್ದು ಹೋಗಿದ್ದಾರೆ, ಒಳಮನೆಯ ಹೆಣ್ಣುಮಕ್ಕಳು ಇನ್ನೂ ಮಲಗಿದ್ದಾರೆ ಎಂದೆ.

"ಎಬ್ಬಿಸಬ್ಯಾಡ," ಎಂದಳು. "ನಾಳೆ ಬತ್ತೀನಿ. ಬೀಗ ತೆಗೆಯೋಕಲ್ಲಕ್ಕಾ. ಜಗಲಿ ಮೇಲೆ ಕೂತ್ಕೊಂಡು ನೋಡೋಣ, ಇಬ್ರೂ."

ಬರುತ್ತಾಳೆಂದು ಅವರೆಕಾಳು ನೆನೆಹಾಕಿದ್ದೇನೆ. ಅವಳ ಮನೆಯ ಬೀಗ ತೆಗೆಯುವುದಿಲ್ಲವಲ್ಲ, ರಾತ್ರಿ ಉಳಿದರೆ ನಮ್ಮಲ್ಲೇ ಉಳಿಯಬೇಕು.