ಅತ್ತೆ ಆರಿಸಿದ ಆಂಪ್

ಕಾಲೇಜಿನ ದಿನಗಳಲ್ಲಿ ಮುಂಬೈ ಪಕ್ಕದ ಕಲ್ಯಾಣದಲ್ಲಿ ನಾವು ನಾಲ್ವರು ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೆವು. ಅದು ಮುರಿದಾಗ ನನ್ನ ಪಾಲಿಗೆ ಉಳಿದದ್ದು ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರ್ ಮತ್ತು ಅದರ ಸದ್ದನ್ನು ದೊಡ್ಡದು ಮಾಡುವ ಆಂಪ್. ಅದೇನು ಸಣ್ಣ ಪೆಟ್ಟಿಗೆಯಲ್ಲ, ಟೆಂಪೋದಿಂದ ಇಳಿಸಲು ಇಬ್ಬರು ಬೇಕು. ಮದುವೆಯಾಗಿ ಡೊಂಬಿವಲಿಗೆ ಬಂದಾಗ ಅವೆರಡೂ ನನ್ನ ಜೊತೆ ಬಂದವು. ಧಾರವಾಡ ಕಡೆಯ ಹುಡುಗಿ ಉಡುಪಿಯವರ ಮನೆಗೆ ಸೊಸೆಯಾಗಿ ಬಂದಳು ಎಂಬುದಕ್ಕಿಂತ, ಅವಳ ಹಿಂದೆ ಅಂಥ ಪೆಟ್ಟಿಗೆ ಮೆಟ್ಟಿಲು ಹತ್ತಿತು ಎಂಬುದೇ ಸೊಸೈಟಿಯಲ್ಲಿ ದೊಡ್ಡ ಸುದ್ದಿಯಾಯಿತು.

ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನಗೆ ವಾರಕ್ಕೆ ಆರು ದಿನ ಕೆಲಸ. ಭಾನುವಾರ ಅರ್ಧ ಗಂಟೆ ಗಿಟಾರ್. ಪಕ್ಕದ ಕೋಣೆಯಲ್ಲಿ ಕೂತ ಅತ್ತೆ ಒಂದು ದಿನವೂ ಬೇಡ ಎನ್ನಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ನಾನು ತವರಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಹೋದ ವರ್ಷ ಕೆಳಗಿನ ಮನೆಯಲ್ಲಿ ಮಗು ಹುಟ್ಟಿತು. ಆ ಮನೆಯ ಹಿರಿಯ ಹೆಂಗಸು, ನಮಗೆಲ್ಲ ಕಾಕೂ, ಮೇಲೆ ಬಂದು ಬಾಗಿಲಲ್ಲೇ ನಿಂತು, ಮಗು ಈಗಷ್ಟೇ ಮಲಗಿದೆ, ಸ್ವಲ್ಪ ಹಳೂ ಬಾರಿಸು ಎಂದು ಮರಾಠಿಯಲ್ಲಿ ಹೇಳಿದರು. ಎಷ್ಟು ನಯವಾಗಿ ಹೇಳಿದರೆಂದರೆ, ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಆದರೆ ನನ್ನ ಆಂಪಿಗೆ ಮೆಲ್ಲಗೆ ಎಂಬುದೇ ಗೊತ್ತಿರಲಿಲ್ಲ. ದನಿ ತಗ್ಗಿಸಿದರೆ ನೆಗಡಿಯಾದವರ ಹಾಗೆ ಗೊಣಗುತ್ತಿತ್ತು. ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಗೆಳೆಯ ಈಗ ಕಲ್ಯಾಣದಲ್ಲಿ ಸೀರೆ ಅಂಗಡಿ ನಡೆಸುತ್ತಾನೆ. ಅವನಿಗೆ ಫೋನ್ ಮಾಡಿದೆ.

"ಅರೆ, ಈಗ ಯಾರು ಆಂಪ್ ಹೊರತಾರ? ಎಲ್ಲಾ ಸಾಫ್ಟ್‌ವೇರ್‌ನಾಗ ಬಂದದ. ಗಿಟಾರಿಗೂ ಲ್ಯಾಪ್‌ಟಾಪಿಗೂ ನಡುವ ಹಚ್ಚಲಿಕ್ಕೆ ಇಂಟರ್‌ಫೇಸ್ ಅಂತ ಒಂದು ಡಬ್ಬಿ ಬೇಕು, ನನ್ನ ಹತ್ರ ಒಂದು ಹಳೇದದ, ತಗೊಂಡು ಹೋಗು. ಮೂರು ಹೆಸರು ಕಳಸ್ತೀನಿ. ಟ್ರಯಲ್ ಹಾಕಿ ನೋಡು, ಘಾಯಿ ಮಾಡಬ್ಯಾಡ."

ಅವನು ಬೇಡವೆಂದ ಅವಸರವನ್ನೇ ನಾನು ಮಾಡಿದೆ. ಮೂರನ್ನೂ ಒಂದೇ ದಿನ ಇಳಿಸಿಕೊಂಡೆ. ಮೊದಲನೆಯದರಲ್ಲಿ ಆಂಪ್‌ಗಳ ಚಿತ್ರಗಳು ಎಷ್ಟು ಚೆಂದವೆಂದರೆ, ಅದನ್ನು ತೆರೆದೊಡನೆ ನನ್ನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿತ್ತು. ತಂತಿ ಮೀಟಿದ ಮೇಲೆ ಒಂದು ಕ್ಷಣ ಕಾದರೆ ಸದ್ದು ಬರುತ್ತಿತ್ತು. ಎರಡನೆಯದರಲ್ಲಿ ನೂರಾರು ಸಿದ್ಧ ಸದ್ದುಗಳು, ಒಂದಕ್ಕಿಂತ ಒಂದು ಭರ್ಜರಿ. ಒಂದು ತಂತಿ ತಟ್ಟಿದರೆ ಗುಹೆಯೊಳಗಿಂದ ಮೆರವಣಿಗೆ ಹೊರಟ ಹಾಗೆ. ನಾನು ಇದಕ್ಕೇ ಮರುಳಾದೆ. ಮೂರನೆಯದು ಸಪ್ಪೆ. ನಾಲ್ಕೇ ಆಂಪ್, ಸದ್ದಿಗೆ ಮೆರುಗು ಕೊಡುವ ಎಫೆಕ್ಟ್ ಕೆಲವೇ, ಬೂದು ಬಣ್ಣದ ಪರದೆ. ಒಂದು ವಾರ ಹೆಡ್‌ಫೋನ್ ಹಾಕಿಕೊಂಡು ಚಿತ್ರದ ಗುಂಡಿಗಳನ್ನು ತಿರುಗಿಸಿದ್ದೇ ಬಂತು. ಒಂದು ಹಾಡನ್ನೂ ಪೂರ್ತಿ ನುಡಿಸಲಿಲ್ಲ.

"ನುಡಿಸುವುದು ಯಾವಾಗ?" ಎಂದು ಗಂಡ ಕೇಳಿದರು.

"ಮೊದಲ ಸದ್ದು ಸರಿ ಮಾಡ್ಕೋತೀನ್ರಿ."

ಆ ದಿನಗಳಲ್ಲೇ ಅತ್ತೆಗೆ ಕಿವಿಯ ಮಶೀನು ಬಂದಿತ್ತು. ಅದನ್ನು ಹೊಂದಿಸಲು ಠಾಣೆಯ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಮೊದಲ ಸಲ ಹಾಕಿಸಿಕೊಂಡು ವಾಪಸು ಬರುವಾಗ, ಲೋಕಲ್ ಮುಂಬ್ರಾ ದಾಟುತ್ತಿದ್ದಂತೆ ಅವರು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡರು.

"ಈ ರೈಲು ಇಷ್ಟು ಗಲಾಟೆ ಮಾಡ್ತದಾ ಮಾರಾಯ್ತಿ?"

"ಮೊದಲಿಂದ್ಲೂ ಮಾಡ್ತದರಿ."

ಕಿವಿಯಿಂದ ಕೈ ತೆಗೆದು ಅವರೇ ಹೇಳಿದರು: "ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡ. ನಿನ್ನ ಗಿಟಾರು ನಂಗೆ ಒಂದು ದಿನವೂ ಸರಿ ಕೇಳ್ಲಿಲ್ಲ. ಮಂಚ ನಡುಗಿದಾಗ, ಓಹೋ, ಇವತ್ತು ಭಾನುವಾರ ಅಂತ ಗೊತ್ತಾಗ್ತಿತ್ತು, ಅಷ್ಟೇ."

ನನ್ನ ನಗು ಕೇಳಿ ಎದುರು ಸೀಟಿನವರು ತಿರುಗಿ ನೋಡಿದರು. ಅತ್ತೆಯೂ ನಕ್ಕರು.

ಎರಡನೆಯ ಭೇಟಿಯಲ್ಲಿ ಅವರು ದೂರುಗಳ ಪಟ್ಟಿಯನ್ನೇ ಹಿಡಿದು ಹೋಗಿದ್ದರು. ಕುಕ್ಕರಿನ ಸೀಟಿ ಚುಚ್ಚುತ್ತದೆ, ಫ್ಯಾನು ಕೂಗುತ್ತದೆ, ತನ್ನ ದನಿಯೇ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಅಲ್ಲಿನ ಡಾಕ್ಟರಮ್ಮ ಮಶೀನನ್ನು ಕಂಪ್ಯೂಟರಿಗೆ ಜೋಡಿಸಿ, ಪರದೆಯ ಮೇಲಿನ ಒಂದು ಗೆರೆಯನ್ನು ತುಸು ಇಳಿಸಿ, ಬೀದಿಯ ಸದ್ದು ಒಳಗೆ ಬರಲೆಂದು ಎದ್ದು ಹೋಗಿ ಕಿಟಕಿ ತೆರೆದರು. "ಈಗ ಹೇಗಿದೆ ಆಜಿ?" ಎಂದು ಹಿಂದಿಯಲ್ಲಿ ಕೇಳಿದರು. ಅತ್ತೆಗೆ ಉತ್ತರ ಹೊಳೆಯುವವರೆಗೂ ಇನ್ನೊಂದು ಗೆರೆಯನ್ನು ಮುಟ್ಟಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಒಳ್ಳೆಯದಾಯಿತೆಂದು ತಿಳಿಯುವುದಿಲ್ಲ ಎಂದು ನನಗೆ ವಿವರಿಸಿದರು. ನಾನು ತಲೆಯಾಡಿಸಿದೆ. ಮನೆಯ ಲ್ಯಾಪ್‌ಟಾಪ್ ನೆನಪಾಗಿ ಮುಖ ಬಿಸಿಯಾಯಿತು.

ಆ ಭಾನುವಾರ ಮಧ್ಯಾಹ್ನ ಅತ್ತೆಯನ್ನು ನನ್ನ ಕೋಣೆಗೆ ಕರೆದೆ. ಹೆಡ್‌ಫೋನ್ ಕೊಟ್ಟರೆ ಅವರ ಮಶೀನು ಸಿಳ್ಳೆ ಹಾಕುತ್ತಿತ್ತು. ಹಾಗಾಗಿ ಸಣ್ಣ ಸ್ಪೀಕರ್ ಜೋಡಿಸಿ, ಪಕ್ಕದ ಗೋಡೆಗೂ ಕೇಳದಷ್ಟು ದನಿ ಇಟ್ಟೆ. ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡು, ಒಂದು ಹಾಡಿನ ಎರಡೇ ಸಾಲನ್ನು ಮೂರು ಸಾಫ್ಟ್‌ವೇರಿನಲ್ಲೂ ನುಡಿಸಿದೆ. ಎಫೆಕ್ಟ್‌ಗಳನ್ನೆಲ್ಲ ತೆಗೆದಿಟ್ಟಿದ್ದೆ, ಬರಿಯ ಆಂಪ್ ಮಾತ್ರ.

ಮೊದಲನೆಯದು ಕೇಳುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ಎರಡನೆಯದು ಬಂದಾಗ ಹುಬ್ಬು ಗಂಟಿಕ್ಕಿದರು.

"ಇದು ಪೆಂಡಾಲಿನ ಮೈಕಿನ ಹಾಗೆ ಉಂಟು. ಯಾರು ನುಡಿಸಿದ್ರೂ ಹೀಗೇ ಕೇಳ್ತದೆ."

ಮೂರನೆಯದಕ್ಕೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಇನ್ನೊಮ್ಮೆ ನುಡಿಸು."

ನುಡಿಸಿದೆ.

"ಹ್ಯಾಂಗ ಕೇಳಸ್ತದರಿ ಅತ್ತಿ?"

"ಇದ್ರಲ್ಲಿ ನಿನ್ನ ಬೆರಳು ಕೇಳ್ತದೆ. ಅಲ್ಲಿ ನಡುವೆ ಒಂದು ಕಡೆ ತಪ್ಪಿದಿ ಅಲ್ವಾ? ಅದೂ ಕೇಳ್ತು."

ತಪ್ಪಿದ್ದು ನಿಜವಾಗಿತ್ತು. ಎರಡನೆಯ ಸಾಫ್ಟ್‌ವೇರಿನಲ್ಲೂ ಅಲ್ಲೇ ತಪ್ಪಿದ್ದೆ. ಆದರೆ ಅಲ್ಲಿ ಅದು ನನಗೇ ಕೇಳಿಸಿರಲಿಲ್ಲ. ವಾರವಿಡೀ ನಾನು ಮರುಳಾದದ್ದು ಯಾತಕ್ಕೆಂದು ಆಗ ಅರ್ಥವಾಯಿತು. ಸ್ವಲ್ಪ ಅವಮಾನವೂ ಆಯಿತು, ಅದಕ್ಕಿಂತ ಹೆಚ್ಚಾಗಿ ಮನಸ್ಸು ಹಗುರವೂ ಆಯಿತು. ಅವತ್ತೇ ಉಳಿದೆರಡನ್ನು ಅಳಿಸಿ ಹಾಕಿ, ಬೂದು ಪರದೆಯದನ್ನು ದುಡ್ಡು ಕೊಟ್ಟು ತೆಗೆದುಕೊಂಡೆ. ಹಳೆಯ ಆಂಪ್ ಗೆಳೆಯನ ಅಂಗಡಿಯ ಗೋದಾಮಿಗೆ ಹೋಯಿತು.

ಈಗ ಆಫೀಸಿನಿಂದ ಬಂದು ಚಹಾ ಕುಡಿದ ಮೇಲೆ ದಿನಾ ನುಡಿಸುತ್ತೇನೆ. ತಂತಿ ಒತ್ತಿ ಬೆರಳ ತುದಿಗೆ ಕಟ್ಟುತ್ತಿದ್ದ ಹಳೆಯ ಜಡ್ಡು ಮತ್ತೆ ಮೂಡಿದೆ. ಪರದೆಯ ಆಂಪಿನ ಗುಂಡಿಗಳನ್ನು ಒಮ್ಮೆ ನಿಲ್ಲಿಸಿದ ಕಡೆಯಿಂದ ಅಲುಗಿಸಿಲ್ಲ. ಬೇಕಾದಾಗ ತುಸು ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ನುಡಿಸಿದಂಥ ಗುಂಗು, ಅಷ್ಟೇ ಸೇರಿಸಿಕೊಳ್ಳುತ್ತೇನೆ.

ಹೋದ ತಿಂಗಳು ಒಂದು ಸಂಜೆ ಅತ್ತೆ ಬಂದು ಮಂಚದ ಮೇಲೆ ಕೂತು, "ಇದು ಬರ್ತದಾ ನೋಡು" ಎಂದು ಮೆಲ್ಲಗೆ ಗುನುಗಿದರು. ಅವರು ಹುಡುಗಿಯಾಗಿದ್ದಾಗ ಭತ್ತದ ನೇಜಿ ನೆಡುವ ಹೆಂಗಸರು ಗದ್ದೆಯಲ್ಲಿ ಹೇಳುತ್ತಿದ್ದ ತುಳು ಹಾಡು. ಪದಗಳು ಅರ್ಧ ಮರೆತಿದ್ದವು, ಧಾಟಿ ಗಟ್ಟಿಯಾಗಿತ್ತು. ಮೂರನೇ ತಂತಿಯಲ್ಲಿ ಸ್ವರ ಸಿಕ್ಕಿತು. ನಾನು ಆಸೆಗೆ ಬಿದ್ದು ರಿವರ್ಬ್ ಏರಿಸಿದರೆ, "ಅದು ಬೇಡ, ಗದ್ದೆಯಲ್ಲಿ ಗುಂಗು ಎಲ್ಲಿಂದ?" ಎಂದು ತೆಗೆಸಿದರು.

ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗಂಡ ತರಕಾರಿ ಚೀಲ ಹಿಡಿದು ಒಳಗೆ ಬಂದರು. ಚೀಲವನ್ನು ಕೆಳಗಿಡಲೂ ಮರೆತು ಬಾಗಿಲಲ್ಲೇ ನಿಂತರು. ಅಮ್ಮ ಹಾಡುವುದನ್ನು ತಾನು ಈವರೆಗೆ ಕೇಳಿಯೇ ಇರಲಿಲ್ಲ ಎಂದು ಆಮೇಲೆ ಊಟಕ್ಕೆ ಕೂತಾಗ ಹೇಳಿದರು.