ನಾಲ್ಕನೇ ಚೌಕ

ಕೊಲ್ಲಿ ದೇಶದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಕಲಾವಿದರು ಶ್ರೀಮಂತರ ವಿಲ್ಲಾಗಳಿಗೆ ಗಿಡುಗ, ಕುದುರೆಗಳ ತೈಲಚಿತ್ರ ಬರೆದುಕೊಡುತ್ತಿದ್ದರು. ಪ್ರಾಯದಲ್ಲಿ ಮಂಗಳೂರಿನ ಪತ್ರಿಕೆಯೊಂದಕ್ಕೆ ದಿನವೂ ನಾಲ್ಕು ಚೌಕದ ಕಾರ್ಟೂನ್ ಬರೆದವರು, ಒಂದನ್ನೂ ಇಟ್ಟುಕೊಂಡಿರಲಿಲ್ಲ. “ನಾಲ್ಕನೇ ಚೌಕದಲ್ಲಿ ನಗು ಬರ್ಲೇಬೇಕು ಮಾರಾಯ್ರೆ” ಎನ್ನುವಾಗ ಅವರ ಬೆರಳು ಗಾಳಿಯಲ್ಲಿ ಚೌಕ ಎಳೆಯುತ್ತಿತ್ತು. ಯಾರಾದರೂ ಊರಿಂದ ಒಣಮೀನು ತಂದರೆ, ಮೀನು ಬೇಡವೆಂದು ಅದಕ್ಕೆ ಸುತ್ತಿದ ಪೇಪರನ್ನು ಕೇಳಿ ಪಡೆಯುತ್ತಿದ್ದರು.

ಒಮ್ಮೆ ರಜೆಗೆ ಹೋದಾಗ ಅಮ್ಮ ಅಟ್ಟದಿಂದ ಇಳಿಸಿಕೊಟ್ಟ ಹಿತ್ತಾಳೆ ದೀಪಕ್ಕೆ ಸುತ್ತಿದ್ದ ಹಳೇ ಪೇಪರಿನಲ್ಲಿ ಅವರ ಕಾರ್ಟೂನ್ ಇತ್ತು. ತಂದುಕೊಟ್ಟೆ. ಅಂಗೈಯಿಂದ ಸುಕ್ಕು ತೀಡಿ ಮೂರು ಚೌಕ ಓದಿದರು. ನಾಲ್ಕನೆಯದು ಹರಿದುಹೋಗಿತ್ತು.

“ಅಮ್ಮ ದಿನಾ ಇದನ್ನೋದಿ ನಗ್ತಿದ್ರಂತೆ” ಎಂದೆ.

ಅವರು ಹರಿದ ಅಂಚನ್ನೇ ನೋಡುತ್ತಿದ್ದರು.

“ಕೊನೆಗೆ ಏನಾಯ್ತು ಅಂತ ಅಮ್ಮನಿಗೆ ನೆನಪುಂಟಾ, ಒಮ್ಮೆ ಕೇಳ್ತೀರಾ?”