ಆಯ್ತು ಎಂಬ ಒಂದು ಉತ್ತರ

ಮೂಡುಬಿದಿರೆಯ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ಕಚೇರಿಯ ಅರ್ಜಿ ಕನ್ನಡದಲ್ಲಿ, ರಾಕೆಟ್ ಮಾತ್ರ ತುಳುವಿನಲ್ಲಿ. ಎರಡು ಸಾವಿರದ ನಂತರದ ಮೊದಲ ವರ್ಷಗಳವು. ಹೊರರಾಜ್ಯದ ಒಂದು ಸ್ಪರ್ಧೆಗೆಂದು ಆಳೆತ್ತರದ ರಾಕೆಟ್ ಕಟ್ಟಿ, ಮೇಲಕ್ಕೆ ಕಳಿಸಿ, ಪ್ಯಾರಾಚೂಟಿನಲ್ಲಿ ಇಳಿಸಲು ಹೊರಟಿದ್ದ ಏಳೆಂಟು ಮಂದಿ ನಾವು. ಶಾಲಾ ದಿನಗಳಿಂದ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ವಿರುದ್ಧ ಮಾತಾಡಿಯೇ ಬೆಳೆದವನು ನಾನು. ತಂಡದಲ್ಲೂ ನನ್ನ ಕೆಲಸ ಹೆಚ್ಚುಕಡಿಮೆ ಅದೇ ಆಗಿತ್ತು: ಯಾರಾದರೂ ‘ಎಲ್ಲ ಸರಿ ಉಂಟು’ ಎಂದರೆ ‘ಹೇಗೆ ಗೊತ್ತು?’ ಎಂದು ಕೇಳುವುದು.

ತಂಡದ ನಾಯಕ ಪಾಣೆಮಂಗಳೂರಿನವನು. ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮೊಡನೆ ತುಳು. ಅವನನ್ನು ನಾವು ಕ್ಯಾಪ್ಟನ್ ಎನ್ನುತ್ತಿದ್ದೆವು. ಮೂರನೆಯ ವರ್ಷದಲ್ಲಿ ಹಾವೇರಿ ಕಡೆಯ ಒಬ್ಬ ತಂಡಕ್ಕೆ ಸೇರಿದ. ಸಣ್ಣ ವಯರುಗಳ ಕೆಲಸದಲ್ಲಿ ಅವನಷ್ಟು ಚೊಕ್ಕ ಕೈ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವನಿಗೆ ತುಳು ಬಾರದು. ಹಾಗಾಗಿ ಅವನಿದ್ದಲ್ಲಿ ಕನ್ನಡದಲ್ಲೇ ಮಾತಾಡಬೇಕೆಂದು ಕ್ಯಾಪ್ಟನ್ ನಿಯಮ ಮಾಡಿದ. ಒಳ್ಳೆಯ ಮನಸ್ಸಿನಿಂದ ಮಾಡಿದ ನಿಯಮ. ಅದನ್ನು ಮಾತ್ರ ನಾನು ಪ್ರಶ್ನಿಸಲಿಲ್ಲ. ಪ್ರಶ್ನಿಸಲು ಏನೂ ಕಾಣಲಿಲ್ಲ.

ಹಾವೇರಿಯವನು ಮೊದಮೊದಲು ‘ಆತು’ ಎನ್ನುತ್ತಿದ್ದ. ನಮ್ಮವರು ‘ಆತು, ಆತು’ ಎಂದು ಅಣಕಿಸಿ ನಕ್ಕರು. ಒಂದು ತಿಂಗಳಲ್ಲಿ ಅವನೂ ನಮ್ಮಂತೆ ‘ಆಯ್ತು’ ಎನ್ನಲು ಕಲಿತ.

ಮೋಟಾರಿನ ಪರೀಕ್ಷೆ ವೇಣೂರಿನ ಹತ್ತಿರ, ಕಲ್ಲು ಕಡಿಯುವುದು ನಿಂತಿದ್ದ ಒಂದು ಕೆಂಪುಕಲ್ಲಿನ ಕೋರೆಯಲ್ಲಿ. ರಾಕೆಟ್ ಹಾರಿಸುವುದಲ್ಲ; ಇಂಧನ ತುಂಬಿದ ಕೊಳವೆಯನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಉರಿಸಿ, ಅದು ಎಷ್ಟು ತಳ್ಳುತ್ತದೆಂದು ಅಳೆಯುವುದು. ಸ್ಟ್ಯಾಂಡ್ ಕೋರೆಯ ಒಳಮೂಲೆಯಲ್ಲಿತ್ತು. ನಾವು ಕಲ್ಲು ಪೇರಿಸಿದ ಗೋಡೆಯ ಹಿಂದೆ, ಮೋಟಾರಿಗೆ ಬೆಂಕಿ ಹೊತ್ತಿಸುವ ಸ್ವಿಚ್ಚಿನ ಜೊತೆ. ಅಲ್ಲಿಂದ ಸ್ಟ್ಯಾಂಡ್ ಕಾಣುತ್ತಿರಲಿಲ್ಲ, ಕೂಗಿದರೆ ಕೇಳುತ್ತಿತ್ತು.

“ವಯರ್ ಸಿಕ್ಕಿಸಿ ಈಚೆ ಬಾ ಮಾರಾಯ!” ಎಂದು ಕ್ಯಾಪ್ಟನ್ ಒಳಮೂಲೆಯಲ್ಲಿದ್ದ ಹಾವೇರಿಯವನಿಗೆ ಕೂಗಿದ.

“ಆಯ್ತು!” ಎಂದು ಒಳಗಿನಿಂದ ಉತ್ತರ ಬಂತು.

ಕ್ಯಾಪ್ಟನ್ ಸ್ವಲ್ಪ ಹೊತ್ತು ಕಾದು ಸ್ವಿಚ್ ಒತ್ತಿದ. ಹಾವೇರಿಯವನು ಇನ್ನೂ ಸ್ಟ್ಯಾಂಡಿನ ಬಳಿಯೇ ಇದ್ದ. ವಯರ್ ಸಿಕ್ಕಿಸಿ, ಸಡಿಲವಿದೆಯೇ ಎಂದು ಮುಟ್ಟಿ ನೋಡುತ್ತಿದ್ದ. ಬಲಗೈ ಸುಟ್ಟುಹೋಯಿತು.

ಕಾಲೇಜಿನವರು ವಿಚಾರಣೆಗೆ ಕೂತರು. ಮೂವರು ಪ್ರಾಧ್ಯಾಪಕರು. ಅವರ ಅಧ್ಯಕ್ಷರು ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ ಹೇಳಿದರು: “ಒಬ್ಬ ಆಗದ ಕೆಲಸವನ್ನು ಆಯಿತೆಂದು ಹೇಳಿದ್ದಾನೆ. ಅಥವಾ ಇನ್ನೊಬ್ಬ ಅವಸರ ಮಾಡಿದ್ದಾನೆ. ಇಬ್ಬರಲ್ಲಿ ಒಬ್ಬನನ್ನು ಕಾಲೇಜಿನಿಂದ ಹೊರಗಿಡಬೇಕಾಗುತ್ತದೆ.”

ತಂಡದ ಪರವಾಗಿ ಮಾತಾಡಿದವನು ನಾನು. ಹೇಳಿದ್ದು ಇಷ್ಟು. ತುಳುವಿನಲ್ಲಿ ‘ಆವು’ ಎಂದರೆ ಒಪ್ಪಿಗೆ, ಮಾಡುತ್ತೇನೆ ಎಂದು. ‘ಆಂಡ್’ ಎಂದರೆ ಮುಗಿಯಿತು ಎಂದು. ನಮ್ಮ ಕೂಗುಗಳೆಲ್ಲ ಈ ಎರಡು ಶಬ್ದಗಳ ಮೇಲೆ ನಿಂತಿದ್ದವು. ಕನ್ನಡಕ್ಕೆ ಬಂದಾಗ ಎರಡೂ ಸೇರಿ ಒಂದೇ ‘ಆಯ್ತು’ ಆದವು. ಹಾವೇರಿಯವನು ಒಪ್ಪಿಗೆ ಕೊಟ್ಟ, ಕ್ಯಾಪ್ಟನ್ ಮುಗಿಯಿತೆಂದು ತಿಳಿದ.

“ಇಡೀ ಕರ್ನಾಟಕ ಅದೇ ಶಬ್ದದಲ್ಲಿ ಬದುಕುತ್ತದಲ್ಲ?” ಎಂದು ಒಬ್ಬ ಸದಸ್ಯರು ಕೇಳಿದರು.

“ಬದುಕುತ್ತದೆ ಸಾರ್. ಆದರೆ ಅದನ್ನು ಕೇಳಿ ಸ್ವಿಚ್ ಒತ್ತುವುದಿಲ್ಲ.”

ಅಧ್ಯಕ್ಷರು ನನ್ನನ್ನು ನೋಡಿ, ಬಾಗಿಲ ಬಳಿಯಿದ್ದ ಅಟೆಂಡರಿಗೆ “ಮೂರು ಚಾ ಹೇಳಿ” ಎಂದರು. “ಆಯ್ತು ಸಾರ್” ಎಂದ ಆತ. ನಾನು ತಡೆಯಲಾರದೆ, “ಆಯ್ತಂತೆ. ಚಾ ಎಲ್ಲುಂಟು ಸಾರ್?” ಎಂದೆ. ಒಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ, ಆದರೆ ಯಾರದೂ ತಪ್ಪಿಲ್ಲವೆಂದು ವರದಿ ಬರೆಸಿದರು. ಯಾರನ್ನೂ ಹೊರಗಿಡಲಿಲ್ಲ. ಅಂದು ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಲ್ಲ ಎಂದು ಈಗಲೂ ವಾದಿಸಬಲ್ಲೆ.

ಸುದ್ದಿ ಹೇಳಲು ಆಸ್ಪತ್ರೆಗೆ ಹೋದೆ. ಹಾವೇರಿಯವನ ಕೈ ಮೊಣಕೈವರೆಗೆ ಬಟ್ಟೆ ಸುತ್ತಿ ದಿಂಬಿನ ಮೇಲಿತ್ತು. ಎಲ್ಲವನ್ನೂ ಕೇಳಿದ.

“ಗೆದ್ದಿ ಹಂಗಾದ್ರ.”

“ಗೆಲ್ಲುವ ಪ್ರಶ್ನೆ ಅಲ್ಲ. ನೀನು ಸುಳ್ಳು ಹೇಳಲಿಲ್ಲ, ಅವನು ಅವಸರ ಮಾಡಲಿಲ್ಲ ಅಂತ ಆಯಿತಲ್ಲ.”

“ಅಂವ ಒಮ್ಮೆರ ಇಲ್ಲಿಗೆ ಬಂದಾನೇನು?”

ಬಂದಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

“ಯಾರ್ದೂ ತಪ್ಪಿಲ್ಲ ಅಂತ ನೀ ಬರಿಸಿ ಇಟ್ಟಿ. ಈಗ ಅಂವ ನನ್ನ ಮುಂದ ಬಂದು ಏನಂತ ಅನಬೇಕು? ಅನ್ನಾಕ ಏನರ ಉಳಸಿ ಏನು?”

ಉತ್ತರಕ್ಕೆ ಎದುರುತ್ತರ ಕಟ್ಟುವುದು ನನಗೆ ಅಭ್ಯಾಸ. ಅಂದು ಆಸ್ಪತ್ರೆಯಿಂದ ನೇರ ಬಸ್ಸು ಹಿಡಿದು ಬಂಟ್ವಾಳಕ್ಕೆ, ಅಲ್ಲಿಂದ ಪಾಣೆಮಂಗಳೂರಿಗೆ ಹೋದೆ. ಕ್ಯಾಪ್ಟನ್ ಹಳೆಯ ಸೇತುವೆಯ ಬಳಿ ಸಿಕ್ಕಿದ. ಗಡ್ಡ ಬೆಳೆದಿತ್ತು.

“ನೀನು ಅಲ್ಲಿ ಹೇಳಿದ್ದೆಲ್ಲ ಸರಿ ಮಾರಾಯ,” ಎಂದ. ತುಳು ಬಿಟ್ಟು ಕನ್ನಡದಲ್ಲೇ ಮಾತಾಡುತ್ತಿದ್ದ. ಅವನಿಗೆ ಅದರ ಅರಿವಿತ್ತೋ ಇಲ್ಲವೋ. “ಉಮ್ಮನೂ ಅದನ್ನೇ ಹೇಳ್ತಾರೆ, ನಿನ್ನ ತಪ್ಪಲ್ಲ ಮಗಾ ಅಂತ. ಆದ್ರೆ ನಾನು ಎದ್ದು ನಿಂತು ಗೋಡೆಯ ಆಚೆ ನೋಡಬಹುದಿತ್ತು. ಎದ್ದು ನಿಲ್ಲಲಿಕ್ಕೆ ಯಾವ ಭಾಷೆ ಬೇಕು?”

“ಇದನ್ನು ಅವನ ಹತ್ರ ಹೇಳು. ನಾಳೆ ಹೋಗುವ.”

“ಉಗಿದ್ರೆ?”

“ಉಗೀಲಿ.”

ಮರುದಿನ ಹೋದೆವು. ಕ್ಯಾಪ್ಟನ್ ಮಂಚದ ಕಾಲ ಬಳಿ ನಿಂತು, “ನೋಡದೆ ಒತ್ತಿದೆ. ತಪ್ಪು ನನ್ನದು” ಎಂದ. ಹಾವೇರಿಯವನು ಕಿಟಕಿಯ ಕಡೆ ಮುಖ ಮಾಡಿದ್ದ.

“ಸಿಟ್ಟು ಹೋಗಿಲ್ಲ ನಂದು,” ಎಂದ ಕೊನೆಗೆ. “ಹೋಗೂ ಹಂಗನೂ ಕಾಣಂಗಿಲ್ಲ. ಆದ್ರ ಕುಂದ್ರು.”

ಕ್ಯಾಪ್ಟನ್ ಕೂತ.

ಆ ವರ್ಷದ ಸ್ಪರ್ಧೆ ನಮ್ಮನ್ನು ಬಿಟ್ಟೇ ನಡೆಯಿತು. ಮಳೆಗಾಲ ಕಳೆದು ಮತ್ತೆ ಕೋರೆಗೆ ಹೋಗಲು ಅನುಮತಿ ಸಿಕ್ಕಿದಾಗ ಹಾವೇರಿಯವನೂ ಬಂದ. ಸುಟ್ಟ ಅಂಗೈಯ ಚರ್ಮ ಬಿಗಿದು ಹೊಳೆಯುತ್ತಿತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ವಯರ್ ಕೆಲಸವನ್ನು ಎಡಗೈಯಲ್ಲಿ ಮತ್ತೆ ಮೊದಲಿನಿಂದ ಕಲಿಯುತ್ತಿದ್ದ. ಕ್ಯಾಪ್ಟನ್ ಸ್ವಿಚ್ಚಿನ ಪೆಟ್ಟಿಗೆಯನ್ನು ನನ್ನತ್ತ ನೂಕಿ, “ನೀನು ಒತ್ತು” ಎಂದ.

“ಅಂವನ ಒತ್ತಬೇಕು,” ಎಂದ ಹಾವೇರಿಯವನು. “ಇಲ್ಲಂದ್ರ ನಾ ವಯರ್ ಮುಟ್ಟಂಗಿಲ್ಲ.”

ಒಳಮೂಲೆಗೆ ಹೋದ. ತುಂಬ ಹೊತ್ತಾಯಿತು, ನಮ್ಮಲ್ಲಿ ಯಾರೂ ಕೂಗಲಿಲ್ಲ. ಆಮೇಲೆ ಸಾವಕಾಶ ನಡೆದು ಬಂದು, ಗೋಡೆಯ ಹಿಂದೆ ಕ್ಯಾಪ್ಟನ್ನಿನ ಮುಖಕ್ಕೆ ಮುಖ ಕೊಟ್ಟು ಕೂತ.

“ಕಾಣ್ತೀನೇನು?”

“ಕಾಣ್ತಿ.”

“ಒತ್ತು ಹಂಗಾದ್ರ.”

ಕ್ಯಾಪ್ಟನ್ ಅವನನ್ನು ನೋಡುತ್ತಲೇ ಒತ್ತಿದ. ಆಚೆ ಮೂಲೆಯಲ್ಲಿ ಮೋಟಾರು ಮೊರೆಯಿತು, ಹೊಗೆ ಗೋಡೆ ದಾಟಿ ಮೇಲೆದ್ದಿತು. ನಾವೆಲ್ಲ ಎದ್ದು ನೋಡಿದೆವು. ಅವರಿಬ್ಬರು ಆ ಕಡೆ ತಿರುಗಲಿಲ್ಲ.